ಎಣ್ಣೆ ಹತ್ತಿದ ಬ್ಯಾಟು

ಬಿಸಿ ಎಳ್ಳೆಣ್ಣೆಯ ವಾಸನೆ ಬಂದರೆ ಈಗಲೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ಹುಟ್ಟುವಾಗ ನರಕ್ಕೆ ಪೆಟ್ಟಾಗಿ ನನ್ನ ಎಡಗೈ ಎದೆಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಲೋಧಿ ಕಾಲೋನಿಯ ಕ್ವಾರ್ಟರ್ಸಿನಲ್ಲಿ ಒಂದು ಮಧ್ಯಾಹ್ನ ಅಮ್ಮ ಅದನ್ನು ತೊಡೆಯ ಮೇಲಿಟ್ಟುಕೊಂಡು ನೀವುತ್ತಿದ್ದಳು. ಕೆಳಗೆ ಹುಡುಗರು ವಿಕೆಟ್ಟಿಗೆಂದು ಇಟ್ಟಿಗೆ ಪೇರಿಸುವ ಸದ್ದು. ನನ್ನ ಕಾಲು ನಿಲ್ಲುತ್ತಿರಲಿಲ್ಲ.

"ಎಣ್ಣೆ ಹೀರ್ಕೊಳ್ಳಲಿ ತಡಿಯೋ. ಆಡಲಿ ಅಂತ ಡಾಕ್ಟರೇ ಹೇಳಿದಾರೆ, ನಾನು ಬೇಡ ಅನ್ನಲ್ಲ. ಬೀಳಬೇಡ, ಅಷ್ಟೆ."

ನಾನು ತಡೆಯಲಿಲ್ಲ. ಎಣ್ಣೆ ಒರೆಸಿಕೊಳ್ಳದೆಯೇ ಮೆಟ್ಟಿಲಿಳಿದು ಓಡಿದೆ.

ಆ ಹುಡುಗರಿಗೆ ನಾನು 'ಕಚ್ಚಾ ನಿಂಬೂ'. ತೀರಾ ಚಿಕ್ಕ ಮಕ್ಕಳ ಹಾಗೆ, ಎಷ್ಟು ಸಲ ಬೌಲ್ಡ್ ಆದರೂ ನನಗೆ ಔಟಿಲ್ಲ. ಅವತ್ತು ಮೊದಲ ಚೆಂಡೇ ಇಟ್ಟಿಗೆಗೆ ಬಡಿಯಿತು.

"ಕೋಯೀ ಬಾತ್ ನಹೀ, ಫಿರ್ ಸೇ," ಎನ್ನುತ್ತಾ ಬೌಲರ್ ವಿಕ್ಕಿ ಮತ್ತೆ ಚೆಂಡು ಹಿಡಿದು ಹಿಂದಕ್ಕೆ ಹೋದ.

ನಾನು ಜಾಗ ಬಿಟ್ಟು ನಡೆದೆ.

"ಇನ್ನೊಂದ್ಸಲ ಆಡು ಅಂತಿದಾನಲ್ಲೋ," ಬಾಲ್ಕನಿಯಿಂದ ಅಮ್ಮ ಕೂಗಿದಳು.

"ಔಟಾದೆ, ಅಮ್ಮಾ."

ಮುಂದೆ ಆಡಬೇಕಿದ್ದ ಸೋನುವಿನ ಕೈಗೆ ಬ್ಯಾಟು ತುರುಕಿದೆ. ಅದು ಅವನ ಕೈಯಿಂದ ಜಾರಿ ಬಿತ್ತು. ಅಂಗೈಯ ಎಣ್ಣೆಯನ್ನು ಚಡ್ಡಿಗೆ ಒರೆಸಿಕೊಳ್ಳುತ್ತಾ, "ಅಬೇ, ಹಾಥ್ ಧೋಕೇ ಆಯಾ ಕರ್," ಕೈ ತೊಳೆದುಕೊಂಡು ಬಾ ಎಂದು ರೇಗಿದ.

ಅಲ್ಲಿ ಅದುವರೆಗೆ ನನ್ನ ಮೇಲೆ ಯಾರೂ ರೇಗಿರಲಿಲ್ಲ.