ಮೇಷ್ಟರಿಗೆ ಮಾತ್ರ ಕೇಳಿದ ಬೀಕನ್

ಪರಮೇಶ್ವರಯ್ಯನವರು ಅಂಗಳದ ಮಳೆಮಾಪಕ ನೋಡಿಬಂದು, ಕೈಕಾಲು ತೊಳೆದು, ರೇಡಿಯೋ ದಾಖಲೆ ಪುಸ್ತಕದಲ್ಲಿ ‘ಮೈನಸ್ ಇಪ್ಪತ್ತಮೂರು’ ಎಂದು ಬರೆದರು. ರೇಡಿಯೋವನ್ನು ಇನ್ನೂ ಹಚ್ಚಿರಲಿಲ್ಲ.

ಹಚ್ಚಿದರೂ ಪ್ರಯೋಜನವಿರಲಿಲ್ಲ.

ಎನ್.ಆರ್. ಪುರದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದ ಗಣಪತಿ ಹವ್ಯಾಸಿ ರೇಡಿಯೋದವರ, ಅಂದರೆ ಹ್ಯಾಮುಗಳ, ಪೈಕಿ ಮಹಾ ಹಠಮಾರಿ. ೨೦೦೯ರ ಮೇ ಕೊನೆಗೆ, ವಿಶೇಷ ಅನುಮತಿ ಪಡೆದು, ಊರಾಚೆಯ ಗುಡ್ಡದ ಮೇಲೆ ಒಂದು ಬೀಕನ್ ಇಟ್ಟಿದ್ದ. ಬೀಕನ್ ಎಂದರೆ ಹಗಲಿರುಳು ತನ್ನ ಹೆಸರನ್ನು ತಾನೇ ಹೇಳಿಕೊಳ್ಳುವ ಯಂತ್ರ. ಮನುಷ್ಯರಲ್ಲೂ ಅಂಥವರಿದ್ದಾರೆ, ಆದರೆ ಇದು ಟಾರ್ಚಿನ ಬಲ್ಬಿಗಿಂತ ಕಡಿಮೆ ಶಕ್ತಿಯಲ್ಲಿ, ತೀರ ಕಡಿಮೆ ಆವರ್ತನದಲ್ಲಿ ಹೇಳುತ್ತದೆ. ಕಿವಿಗೆ ಕೇಳುವುದಿಲ್ಲ. ಗದ್ದಲದ ಅಡಿಯಿಂದ ಕಂಪ್ಯೂಟರು ಅದನ್ನು ಹೆಕ್ಕಿ, ಎಷ್ಟು ಕ್ಷೀಣವೆಂದು ಮೈನಸ್ ಅಂಕಿಯಲ್ಲಿ ತೋರಿಸಬೇಕು.

ಕೇಳುವ ಹೊಣೆ ಶೃಂಗೇರಿಯ ಪರಮೇಶ್ವರಯ್ಯನವರದು. ನಿವೃತ್ತ ವಿಜ್ಞಾನ ಮೇಷ್ಟರು. “ಇರುವೆ ಕೆಮ್ಮಿದ್ರೂ ನನ್ನ ರಿಸೀವರಿಗೆ ಕೇಳ್ತದೆ” ಎಂದು ಕೊಪ್ಪದ ಹ್ಯಾಮ್ ಕ್ಲಬ್ಬಿನಲ್ಲಿ ಎಲ್ಲರೆದುರು ಹೇಳಿಬಿಟ್ಟಿದ್ದರು. ಮೊದಲ ವಾರ ಇರುವೆಯೂ ಕೆಮ್ಮಲಿಲ್ಲ, ಬೀಕನ್ನೂ ಕೇಳಲಿಲ್ಲ.

‘ಕೇಳಲಿಲ್ಲ’ ಎಂದು ಬರೆಯಲು ಪೆನ್ನು ಒಪ್ಪಲಿಲ್ಲ. ನಾಳೆ ಹೇಗೂ ಕೇಳುವುದನ್ನು ಇವತ್ತೇ ಬರೆದರೇನು ಎಂದುಕೊಂಡು ಬರೆದರು. ಅಂಕಿಯೊಂದು ಬೇಕಿತ್ತು. ಮಳೆಗಾಲದಲ್ಲಿ ಶೃಂಗೇರಿಯವರಿಗೆ ಅಂಕಿಗೆ ಬರವೇ? ಮಾಪಕದಲ್ಲಿ ಎಷ್ಟು ಮಿಲಿಮೀಟರೋ ಅದಕ್ಕೊಂದು ಮೈನಸ್. ಮೈನಸ್ ಮೂವತ್ತರಾಚೆ ಕಂಪ್ಯೂಟರಿಗೂ ಎಟುಕದು, ಹಾಗಾಗಿ ಮಳೆ ಮೂವತ್ತು ದಾಟಿದ ದಿನ ಮಾತ್ರ ‘ಕೇಳಲಿಲ್ಲ’ ಎಂದು ಪ್ರಾಮಾಣಿಕವಾಗಿ ಬರೆಯುತ್ತಿದ್ದರು. ದೇವರಿಗೆ ಹೆದರುವ ಮನುಷ್ಯ.

ವಾರಕ್ಕೊಂದು ಕಾರ್ಡು, ರುಜು ಸಮೇತ, ಗಣಪತಿಗೆ ಹೋಗುತ್ತಿತ್ತು. ಹ್ಯಾಮುಗಳಲ್ಲಿ ಕೇಳಿದವನು ಬರೆದ ಕಾರ್ಡೆಂದರೆ ಪ್ರಮಾಣ. ಅನುಮಾನಿಸುವ ಪದ್ಧತಿಯೇ ಇಲ್ಲ. ಕ್ಲಬ್ಬು ಹಿಗ್ಗಿತು. ಆಗಸ್ಟಿನ ಮೂರನೇ ಭಾನುವಾರ ಕೊಪ್ಪದಲ್ಲಿ ಇಬ್ಬರಿಗೂ ಶಾಲು, ಹಾರ. ಮೇಷ್ಟರ ಮೂವತ್ತು ವರ್ಷದ ಶಿಷ್ಯರೆಲ್ಲ ಬರುವವರಿದ್ದರು. ಅಷ್ಟರೊಳಗೆ ಗುಟ್ಟು ರಟ್ಟಾದರೆ, ನಕಲು ಹೊಡೆದವರಿಗೆ ಅವರು ಕೊಟ್ಟ ಬೆತ್ತದೇಟುಗಳೆಲ್ಲ ಒಂದೇ ದಿನ ಹಿಂದಿರುಗುವುದಿತ್ತು.

“ಅಡುಗೆಮನೆಯಿಂದ ಹತ್ತು ಸಲ ಕರೆದ್ರೂ ಕೇಳದ ಕಿವಿ,” ಎಂದು ಹೆಂಡತಿ ತ್ರಿಪುರಸುಂದರಿ ಕಾಫಿ ಇಟ್ಟರು, “ಎನ್.ಆರ್. ಪುರದ ಪಿಸುಮಾತು ಕೇಳ್ತದೆ ಅಂದ್ರೆ ಶಾರದಾಂಬೆ ಮಹಿಮೆಯೇ ಸೈ.”

ಬುಧವಾರ ಗಣಪತಿಯ ಫೋನು ಬಂತು. ದನಿ ಎಂದಿನಂತಿರಲಿಲ್ಲ.

“ಮೇಷ್ಟ್ರೇ, ನಿನ್ನೆಯೂ ಕೇಳ್ತಾ?”

“ಸ್ಪಷ್ಟ. ಮೈನಸ್ ಹತ್ತೊಂಬತ್ತು.”

“ಮೊನ್ನೆ?”

“ಕಾರ್ಡಲ್ಲಿ ಬರೀತೇನಲ್ಲ ಮಾರಾಯ!”

“ಅದಲ್ಲ... ಮಳೆ ಕಡಿಮೆ ಆದ ದಿನ ಸಿಗ್ನಲ್ ಜೋರಾಗ್ತದೆ. ಗಮನಿಸಿದ್ರಾ?”

ಮೇಷ್ಟರು ದಾಖಲೆ ಪುಸ್ತಕ ಮುಚ್ಚಿಟ್ಟರು. “ಅದು ಪ್ರಕೃತಿ ಧರ್ಮ,” ಎಂದರು.

“ಯಾವ ದಿಕ್ಕಿಂದ ಬರ್ತದೆ?”

“ನಿನ್ನ ದಿಕ್ಕಿಂದ್ಲೇ. ಈಶಾನ್ಯ.”

“ನಿಮ್ಮ ಸುರುಳಿ ಆಂಟೆನಾ ಹಿಂದೆ ಮುಂದೆ ಎರಡೂ ಕಡೆ ಒಂದೇ ಸಮ ಕೇಳ್ತದಲ್ಲ? ಹಾಗಾದ್ರೆ ನೈಋತ್ಯವೂ ಇರಬಹುದು.”

“ಇರಬಹುದಪ್ಪ.”

ಗಣಪತಿ ಫೋನಿಟ್ಟ. ಮೇಷ್ಟರು ಅಂದು ಎರಡು ಸಲ ಸಂಧ್ಯಾವಂದನೆ ಮಾಡಿದರು. ಇನ್ನು ನಾಲ್ಕೇ ದಿನ, ಶಾಲು ಹೆಗಲಿಗೆ ಬೀಳುವ ತನಕ ಕಾಪಾಡು ತಾಯಿ ಎಂದು ಬೇಡಿಕೊಂಡರು.

ಶನಿವಾರ ಬೆಳಿಗ್ಗೆ ಅಂಗಳಕ್ಕೆ ಪೊಲೀಸ್ ಜೀಪು ಬಂತು. ಸುತ್ತಲ ಕಾಡಿನಲ್ಲಿ ನಕ್ಸಲರ ಹುಡುಕಾಟ ನಡೆದಿದ್ದ ವರ್ಷಗಳವು. ತಂತಿ ಕಟ್ಟಿದ ಮನೆಗೆ ಅವರು ಹಿಂದೆಯೂ ಎರಡು ಸಲ ಬಂದು ಲೈಸೆನ್ಸ್ ನೋಡಿ ಹೋಗಿದ್ದರು. ಆದರೆ ಈ ಸಲ ಸಬ್ ಇನ್ಸ್‌ಪೆಕ್ಟರ ಹಿಂದೆ ಗಣಪತಿಯೂ ಇಳಿದ. ಕೈಯಲ್ಲಿ ಕಾರ್ಡುಗಳ ಕಟ್ಟು.

ಸುಳ್ಳು ಕಾರ್ಡಿಗೆ ಪೊಲೀಸರನ್ನೇ ಕರೆತಂದನಲ್ಲ, ಪಾಪಿ!

“ಇವೆಲ್ಲ ನೀವೇ ಬರ್ದಿದ್ದಾ ಸಾರ್?” ಎಂದರು ಸಬ್ ಇನ್ಸ್‌ಪೆಕ್ಟರು.

“ನನ್ನದೇ ಅಕ್ಷರ.”

“ಖುದ್ದು ಕೇಳಿ ಬರ್ದಿದ್ದಾ? ಅಂದಾಜಲ್ಲಿ ಬರ್ದಿದ್ರೆ ಈಗ್ಲೇ ಹೇಳ್ಬಿಡಿ. ಏನೂ ತೊಂದ್ರೆ ಇಲ್ಲ, ನಾವು ಹಾಗೇ ವಾಪಸ್ ಹೋಗ್ತೀವಿ.”

ಬಾಗಿಲಲ್ಲಿ ತ್ರಿಪುರಸುಂದರಿ ನಿಂತಿದ್ದರು. ಬೇಲಿಯಾಚೆ ನಾಲ್ಕು ತಲೆ ಇಣುಕುತ್ತಿದ್ದವು. ಅದರಲ್ಲಿ ಎರಡು ಹಳೇ ಶಿಷ್ಯರದು. ಮೇಷ್ಟರು ಎದೆ ಸೆಟೆಸಿದರು.

“ಒಂದೊಂದು ಅಂಕಿಯನ್ನೂ ಈ ಕಣ್ಣಿಂದ ನೋಡಿ ಬರೆದದ್ದು. ಶಾರದಾಂಬೆ ಸಾಕ್ಷಿ.”

ಅದು ನಿಜವೂ ಹೌದು.

ಸಬ್ ಇನ್ಸ್‌ಪೆಕ್ಟರು ಹೇಳಿಕೆ ಬರೆದುಕೊಂಡು ಮುಂದೆ ಹಿಡಿದರು. ಮೇಷ್ಟರು ಇಂಗ್ಲಿಷಿನಲ್ಲಿ ಒಂದು, ಕನ್ನಡದಲ್ಲಿ ಒಂದು, ಎರಡು ರುಜು ಹಾಕಿದರು. ಗೆದ್ದೆ ಎನಿಸಿತು. ಗಣಪತಿಯತ್ತ ತಿರುಗಿ, “ಈಗ ಸಮಾಧಾನವಾಯ್ತನಾ? ನನ್ನ ಮೇಲೇ ಅನುಮಾನ ನಿಂಗೆ!” ಎಂದು ಗದರಿದರು.

“ನಿಮ್ಮ ಮೇಲೆ ಅನುಮಾನವಾ? ಬಿಡ್ತು ಅನ್ನಿ,” ಗಣಪತಿ ಕೈಮುಗಿದ. “ತಪ್ಪೆಲ್ಲ ನಂದು ಮೇಷ್ಟ್ರೇ. ವಾರವಾರ ನಿಮ್ಮ ಕಾರ್ಡು ಬರ್ತಿತ್ತು, ಅದಕ್ಕೇ ಗುಡ್ಡ ಹತ್ತಿ ನೋಡ್ಲೇ ಇಲ್ಲ. ಬೀಕನ್ ತಂದು ಭಾನುವಾರ ಸಭೆಯಲ್ಲಿ ತೋರಿಸುವ ಅಂತ ಮಂಗಳವಾರ ಹೋಗಿ ಪೆಟ್ಟಿಗೆ ಬಿಚ್ಚಿದ್ರೆ ಒಳಗೆಲ್ಲ ಕರಿ, ಕುಂಬಾರಹುಳ ಗೂಡು ಕಟ್ಟಿದೆ. ಇಟ್ಟ ಮಾರನೇ ದಿನದ ಸಿಡಿಲಿಗೇ ಸುಟ್ಟು ಹೋಗಿದೆ.”

ಸಬ್ ಇನ್ಸ್‌ಪೆಕ್ಟರು ಹೇಳಿಕೆಯನ್ನು ಮಡಚಿ ಜೇಬಿಗಿಟ್ಟು, ನೆಟ್ಟಗೆ ನಿಂತು, ಮೇಷ್ಟರಿಗೊಂದು ಸೆಲ್ಯೂಟ್ ಹೊಡೆದರು: “ಇವರ ಬೀಕನ್ ಹೆಸರಲ್ಲಿ ಕಾಡಿಂದ ಯಾರೋ ಎರಡೂವರೆ ತಿಂಗಳಿಂದ ಸಿಗ್ನಲ್ ಕಳಿಸ್ತಾ ಇದ್ದಾರೆ, ಇಡೀ ಜಿಲ್ಲೆಯಲ್ಲಿ ಕೇಳಿದವರು ನೀವೊಬ್ರೇ, ರೇಡಿಯೋ ತಗೊಂಡು ಜೀಪು ಹತ್ತಿ ಸಾರ್, ನೈಋತ್ಯದ ಕೆರೆಕಟ್ಟೆ ಕಾಡಲ್ಲಿ ನಲವತ್ತು ಜನ ಬಂದೂಕು ಹಿಡ್ಕೊಂಡು ನಿಮಗೇ ಕಾಯ್ತಿದ್ದಾರೆ, ಮುಂದೆ ನಡೆದು ದಾರಿ ತೋರಿಸೋಕೆ.”