ಅಂಗಳದ ನಾಯಿಯ ಕೆಮ್ಮು

ಪಶುವೈದ್ಯೆ ಉಮ್ಸುನಾಯ್ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ನಾಯಿಯ ಎದೆಯ ಎರಡೂ ಕಡೆ ಬಿಳಿ ಕಲೆಗಳು. ಸೂಜಿಯಿಂದ ತೆಗೆದ ಎದೆಯ ನೀರಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆ ಅನುಮಾನಕ್ಕೆ ಎಡೆಯೇ ಉಳಿದಿರಲಿಲ್ಲ.

ಬೆಟ್ಟದೂರು ನಾರಿನ್‌ನಲ್ಲಿ ಕುರಿ ಕೆಮ್ಮಿದರೆ ಜನ ಬಿದ್ದೆನೋ ಎದ್ದೆನೋ ಎಂದು ಓಡಿ ಬರುತ್ತಾರೆ. ನಾಯಿ ಕೆಮ್ಮಿದರೆ ಯಾರಿಗೆ ಬೇಕು? ಅಂಥ ಊರಲ್ಲಿ ಕುರಿಗಾಹಿ ಕೊಯ್ಚುಮನ್ ತನ್ನ ಅಂಗಳದ ನಾಯಿಯನ್ನು ಹೆಗಲ ಮೇಲೆ ಹೊತ್ತು ತಂದಿದ್ದ. ಅವನದು ಬಲು ಮೆತ್ತನೆಯ ಮನಸ್ಸೆಂದು ಅವಳು ಒಳಗೊಳಗೇ ಮೆಚ್ಚಿಕೊಂಡಿದ್ದಳು.

"ಎದೆ ಕೆಟ್ಟಿದ್ರೆ ಕೊಬ್ಬೂ ಕೆಟ್ಟಿರುತ್ತಾ, ಡಾಕ್ಟ್ರಮ್ಮ?" ಎಂದು ಅವನು ತಗ್ಗಿದ ದನಿಯಲ್ಲಿ ಕೇಳಿದ.

ಅವಳಿಗೆ ತಟ್ಟನೆ ಅರ್ಥವಾಯಿತು. ಕ್ಷಯಕ್ಕೆ ನಾಯಿಯ ಕೊಬ್ಬು ಕರಗಿಸಿ ಬಿಸಿ ಹಾಲಲ್ಲಿ ಕುಡಿಸಬೇಕೆಂದು ಅವಳ ಅಜ್ಜಿಯೂ ಆಣೆ ಮಾಡಿ ಹೇಳುತ್ತಿದ್ದಳು. ಮೆಚ್ಚಿದ್ದೆಲ್ಲ ಮಣ್ಣುಪಾಲಾಗಿ ಸಿಟ್ಟು ನೆತ್ತಿಗೇರಿತು. ಆದರೆ ಅವನ ಮುಖ ನೋಡಿದಾಗ ಸಿಟ್ಟು ನಿಲ್ಲಲಿಲ್ಲ.

"ಯಾರಿಗೆ?" ಎಂದಳು.

ಅವನು ಒಂದೊಂದಾಗಿ ಹೇಳಿದ. ಹಿರಿಯ ಮಗಳು ಬುರುಲ್‌ಗೆ ಕೆಮ್ಮು ಹತ್ತಿದ್ದೇ ತಡ, ಗಂಡನ ಮನೆಯವರು ತಂದು ತವರಲ್ಲಿ ಬಿಟ್ಟು ಹೋಗಿದ್ದರು. ಆಸ್ಪತ್ರೆಗೆ ಹೋದರೆ ಊರಿಗೆಲ್ಲ ಗೊತ್ತಾಗುತ್ತದೆ, ಆಮೇಲೆ ಕಿರಿಯವಳನ್ನು ಕೇಳಿಕೊಂಡು ಯಾರು ಬರುತ್ತಾರೆ? ಅಂಗಳದಾಚೆಯ ಕೋಣೆಯಲ್ಲಿ ಅವಳಿಗೆ ಹಾಸಿಗೆ ಹಾಕಿ, ಊಟದ ಬಟ್ಟಲನ್ನು ಹೊಸ್ತಿಲಲ್ಲೇ ಇಟ್ಟು ಬರುತ್ತಿದ್ದರು. ಈಗ ಕೆಮ್ಮಿದರೆ ರಕ್ತ ಬೀಳುತ್ತಿತ್ತು.

"ಇದಕ್ಕಿರೋದೂ ಕ್ಷಯಾನೇ, ಅಣ್ಣ. ನಾಯಿಗೆ ತಾನಾಗಿ ಬರೋದಲ್ಲ ಇದು, ಅವಳಿಂದ ಅಂಟಿದೆ. ಇದನ್ನ ಕೊಂದು ಕುಡಿಸಿದ್ರೆ ಅವಳ ರೋಗಾನೇ ಅವಳಿಗೆ ಕುಡಿಸಿದ ಹಾಗೆ. ಇವತ್ತೇ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ. ಔಷಧಿ ಇದೆ, ಬದುಕ್ತಾಳೆ."

ಅವನು ತಲೆಯಾಡಿಸಿದ. ಬದುಕುತ್ತಾಳೆ ಎಂಬ ಮಾತನ್ನು ತನ್ನಷ್ಟಕ್ಕೇ ಮತ್ತೊಮ್ಮೆ ಹೇಳಿಕೊಂಡ. ಉಮ್ಸುನಾಯ್ ಕೇಳಲೇಬೇಕಾದ್ದು ಇನ್ನೊಂದಿತ್ತು.

"ಇಷ್ಟು ಜೋರಾಗಿ ಅಂಟಬೇಕಾದ್ರೆ ದಿನಾ ಪಕ್ಕದಲ್ಲೇ ಮಲಗಿರಬೇಕು. ಮನೇಲಿ ಅವಳ ಹತ್ರ ಇನ್ನೂ ಯಾರ್ಯಾರು ಇರ್ತಿದ್ರಿ? ಅವರನ್ನೆಲ್ಲ ಪರೀಕ್ಷೆ ಮಾಡಿಸ್ಬೇಕು."

ಕೊಯ್ಚುಮನ್ ನಾಯಿಯ ಬೆನ್ನ ಮೇಲೆ ಕೈಯಿಟ್ಟ.

"ನಾವ್ಯಾರೂ ಹೋಗ್ಲಿಲ್ಲ, ಡಾಕ್ಟ್ರಮ್ಮ," ಎಂದ. "ಇದೊಂದೇ ಹೋಗ್ತಿತ್ತು."