ಎರಡು ಫೋರ್ಕು, ಎರಡು ಚಾಕು

ಬೀರುವಿನೊಳಗೆ, ಮಡಚಿಟ್ಟ ಬಟ್ಟೆಗಳ ನಡುವೆ, ಅಲಾರಂ ಹೊಡೆದುಕೊಂಡಿತು.

ಹೊರಗೆ ಇನ್ನೂ ಕತ್ತಲು. ಗಂಡನ ಅಂತ್ಯಕ್ರಿಯೆ ಮುಗಿದು, ನೆಂಟರೆಲ್ಲ ಹಿಂದಿನ ಸಂಜೆ ಹೊರಟುಹೋಗಿದ್ದರು. ಹಾಲು ಕಾಯಿಸಿ, ಕಸ ಗುಡಿಸಿ, ಎಂದಿನಂತೆ ದಿನ ತಳ್ಳಬೇಕಾದ ಮೊದಲ ಬೆಳಗು ಇದು. ಅವಳು ಎದ್ದುಹೋಗಿ, ಸೀರೆಗಳ ಅಡಿಯಿಂದ ಒಂದು ಹಳೆಯ ಫೋನು ತೆಗೆದು ಸದ್ದಡಗಿಸಿದಳು.

ಜೊತೆಗೆ ಉಳಿದಿದ್ದ ಅತ್ತಿಗೆ, ಗಂಡನ ಅಕ್ಕ, ಹಾಸಿಗೆಯಲ್ಲೇ ಎದ್ದು ಕೂತಳು.

"ಏನೇ ಅದು? ಇನ್ನೊಂದು ಫೋನಾ?"

ಅವಳು ಫೋನನ್ನು ಸೆರಗಿನಡಿ ಸೇರಿಸಿದಳು.

"ಇಷ್ಟು ಹೊತ್ತಿಗೆ ಅಲಾರಂ ಇಟ್ಟಿದ್ದಾನೆ ಅಂದ್ರೆ, ಇವತ್ತು ಎಲ್ಲಿಗೋ ಹೊರಡೋನಿದ್ದ. ಕೊಡು ನೋಡೋಣ."

"ಚಾರ್ಜು ಮುಗೀತು ಅತ್ತಿಗೆ," ಎಂದು ಅವಳು ಒಲೆಯ ಕಡೆ ನಡೆದಳು.

ಗಂಡ ಲಿಫ್ಟ್ ರಿಪೇರಿಯವನು. ಯಾವುದೋ ಕಟ್ಟಡದ ಮಹಡಿಯ ಮೇಲೆ, ಕೆಲಸದ ನಡುವೆಯೇ, ಎದೆ ಹಿಡಿದುಕೊಂಡು ಕುಸಿದಿದ್ದ. ಬಿಸಿಲೇರಿದ ಮೇಲೆ ಕಂಪನಿಯ ಮೇಸ್ತ್ರಿ ಅವನ ಸಾಮಾನಿನ ಪೆಟ್ಟಿಗೆ ತಂದು ಬಾಗಿಲಲ್ಲಿಟ್ಟ. ಕೈಮುಗಿದು ಹೋದ.

ಅತ್ತಿಗೆಯೇ ಮುಚ್ಚಳ ತೆರೆದಳು. ಸ್ಪ್ಯಾನರುಗಳ ಕೆಳಗೆ ಒಂದು ಬಿಳಿ ಬಟ್ಟೆಯ ಗಂಟು. ಗ್ರೀಸು ತಾಗದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿತ್ತು. ಬಿಚ್ಚಿದರೆ ಎರಡು ಫೋರ್ಕು, ಎರಡು ಚಾಕು, ಎಲ್ಲವೂ ಬೆಳ್ಳಿಯಂತೆ ಹೊಳೆಯುವಂಥವು. ಬಟ್ಟೆಯ ಅಂಚಿಗೆ ನೀಲಿ ದಾರದ ಕಸೂತಿ.

"ಇದು ನಮ್ಮನೇದಲ್ಲ," ಅತ್ತಿಗೆಯ ದನಿ ತಗ್ಗಿತು. "ಗಂಡಸು ಇಷ್ಟು ನೀಟಾಗಿ ಮಡಚೋನೂ ಅಲ್ಲ. ಎರಡೆರಡು ಬೇರೆ! ಜೋಡಿ ಊಟ ಯಾರ ಜೊತೆಗೆ?"

ಆ ನೀಲಿ ಅಂಚು ಯಾರ ಮನೆಯದೆಂದು ತಿಳಿಯಲು ಅವಳಿಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಹಿಡಿದಿದ್ದ ಹಾಲಿನ ಪಾತ್ರೆಯನ್ನು ಕೆಳಗಿಟ್ಟಳು. ಆ ಹೆಂಗಸಿನ ಸುದ್ದಿಯನ್ನು ಈ ಮನೆಯಲ್ಲಿ ಯಾರೂ, ಒಮ್ಮೆಯೂ, ಎತ್ತಿರಲಿಲ್ಲ.

"ನನಗೆ ಆಗಲೇ ಅನುಮಾನ ಇತ್ತು," ಎಂದಳು ಅತ್ತಿಗೆ. "ಹೋದ ತಿಂಗಳು ನಮ್ಮನೆಗೆ ಬಂದಾಗ ಬ್ರೆಡ್ಡನ್ನ ತಟ್ಟೇಲಿಡದೆ ಮೇಜಿನ ಮೇಲೇ ಇಟ್ಕೊಂಡ. ಎರಡೂ ಕೈ ಮೇಜಿನ ಅಂಚಿಗೆ ಊರಿ ಕೂತಿದ್ದ, ಫೋಟೋಗೆ ಕೂತಂಗೆ. ಬಚ್ಚಲಲ್ಲಿ ಒಂದೇ ಸಮನೆ ಗೊಣಗ್ತಿದ್ದ. ಬೋಂ ವೊಯಾಜ್, ಬೋಂ ವೊಯಾಜ್. ಏನು ಮಂತ್ರವೋ!"

"ಫ್ರೆಂಚ್. ಪ್ರಯಾಣ ಸುಖವಾಗಿರಲಿ ಅಂತ."

"ನಿನಗೆ ಹೇಗೆ ಗೊತ್ತು?"

"ಓದಿದ್ದೆ."

"ಓದಿದೋರಿಗೆ ಎಲ್ಲಾ ಗೊತ್ತಿರುತ್ತೆ ಕಣೇ, ಕಟ್ಟಿಕೊಂಡೋರ ವಿಷಯ ಒಂದು ಬಿಟ್ಟು. ಪಾಸ್‌ಪೋರ್ಟ್ ಮಾಡಿಸಿದ್ದನಾ?"

"ಅವರದು ಪಾಸ್‌ಪೋರ್ಟ್ ಇಲ್ಲ."

"ಬಚ್ಚಿಟ್ಟಿರ್ತಾನೆ ಬಿಡು. ಒಂದೇ ಸೂರಿನ ಕೆಳಗಿದ್ದು ಹೊರಡೋಕೆ ತಯಾರಿ ಮಾಡ್ಕೊಳ್ಳೋರು ಚೀಟಿ ಅಂಟಿಸಿ ಹೇಳ್ತಾರಾ?"

ಈ ಮಾತು ಅವಳ ಎದೆಗೆ ನಾಟಿತು. ಅವಳೂ ಕಂಡಿದ್ದಳು. ಈಚೆಗೆ ಅವನು ಅಂಗಡಿಯೊಳಗೆ ಕಾಲಿಟ್ಟರೆ ಮೊದಲು ನಮಸ್ಕಾರ ಹೇಳಿ, ಆಮೇಲೆ ಸಾಮಾನು ಕೇಳುತ್ತಿದ್ದ. 'ಏನು ಸ್ವಾಮಿ, ಚುನಾವಣೆಗೆ ನಿಂತಿದ್ದೀರಾ?' ಎಂದು ಅಂಗಡಿಯವನು ನಕ್ಕಿದ್ದ. ಅವಳಿಗೆ ನಗು ಬಂದಿರಲಿಲ್ಲ. ಇದನ್ನು ಯಾರು ಕಲಿಸಿದರೆಂದು ಕೇಳಲು ನಾಲಿಗೆ ತುದಿವರೆಗೂ ಬಂದು ನುಂಗಿಕೊಂಡಿದ್ದಳು. ಮಾತು ಶುರುವಾದರೆ ಎಲ್ಲಿಗೆ ಹೋಗಿ ಮುಟ್ಟುತ್ತದೋ ಎಂಬ ಭಯ.

ಈಗ ಕೇಳಲು ಅವನಿಲ್ಲ. ಕೊನೆಯ ದಿನಗಳಲ್ಲಿ ಅವನ ಮನಸ್ಸಿನಲ್ಲಿ ಏನಿತ್ತೆಂದು ತಿಳಿಯದೆ ಉಳಿದ ಆಯುಸ್ಸು ಕಳೆಯುವುದು ಅವಳಿಂದಾಗದು.

"ಯಾರ ವಸ್ತುವೋ ಅವರಿಗೆ ಕೊಟ್ಟು ಬರ್ತೀನಿ," ಎಂದಳು.

"ನಾನೂ ಬರ್ತೀನಿ ಇರು, ಅವಳ ಮುಖ ನೋಡಬೇಕು."

"ಬೇಡ ಅತ್ತಿಗೆ. ಒಬ್ಬಳೇ ಹೋಗ್ತೀನಿ."

ಚಪ್ಪಲಿ ಮೆಟ್ಟಿದಳು. ಕಿತ್ತ ಪಟ್ಟಿಯನ್ನು ಅವನೇ ತಾಮ್ರದ ತಂತಿಯಿಂದ ಬಿಗಿದುಕೊಟ್ಟಿದ್ದ ಚಪ್ಪಲಿ. ದಾರಿ ಯಾರನ್ನೂ ಕೇಳಬೇಕಾಗಲಿಲ್ಲ. ಆ ಹೆಂಗಸಿದ್ದ ಕಟ್ಟಡದಲ್ಲಿ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿ, ಕೊನೆಯ ಮಹಡಿಯ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಗಂಟೆ ಒತ್ತಿದಳು.

ತೆರೆದವಳು ನರೆತ ಕೂದಲಿನ ಹೆಂಗಸು. ಗಂಟು ನೋಡಿ ಪಕ್ಕಕ್ಕೆ ಸರಿದಳು.

"ಅವರು ಇಲ್ಲಿಗೆ ಬರ್ತಿದ್ರಾ?"

"ಬೆಳಿಗ್ಗೆ ಹೊತ್ತು. ಕೆಲಸಕ್ಕೆ ಹೋಗೋ ಮುಂಚೆ. ನಿಮಗೆ ಹೇಳಬೇಡಿ ಅಂದಿದ್ರು."

"ಯಾವಾಗಿಂದ?"

"ಲಿಫ್ಟ್ ರಿಪೇರಿಗೆ ಬಂದ ದಿನದಿಂದ. ಇಲ್ಲಿ ಹೊರಗೆ ಒಂದು ಜೊತೆ ಚಪ್ಪಲಿ ನೋಡಿದ್ರು. ತಂತಿ ಕಟ್ಟಿದ್ದು."

ಅವಳು ಹಿಂತಿರುಗಿ ಬಾಗಿಲ ಕಡೆ ನೋಡಿದಳು.

"ಅವರು... ಎಲ್ಲಿಗೆ ಹೋಗೋರಿದ್ರು?"

"ನಾನೂ ಅದನ್ನೇ ಕೇಳಿದೆ. 'ನಾನೆಲ್ಲಿಗೂ ಹೋಗೋನಲ್ಲ ಮೇಡಂ' ಅಂದ್ರು. 'ಹೋಗೋರಿಗೆ ಒಂದು ಹೊತ್ತು ಅಲ್ಲಿಯ ಥರಾನೇ ಊಟ ಬಡಿಸಬೇಕು. ಎದುರಿಗೆ ಕೂತು ನಾನೂ ತಪ್ಪಿಲ್ಲದೆ ತಿನ್ನಬೇಕು. ಕೊನೇಲಿ ಒಂದು ಮಾತು ಹೇಳಬೇಕು. ಅಷ್ಟು ಕಲಿಸಿ, ಸಾಕು.' ಅದಕ್ಕೇ ಇವನ್ನ ಕೇಳಿ ತಗೊಂಡು ಹೋಗಿದ್ದು."

"ಊಟ ಯಾವಾಗ ಅಂತ ಹೇಳಿದ್ರಾ?"

"ಹೋಗೋರು ತಾವಾಗಿ ಬಾಯಿಬಿಟ್ಟ ದಿನ, ಅಂದ್ರು."

ಅವಳು ಗಂಟು ಬಿಚ್ಚಿದಳು. ಮೇಜಿನ ಮೇಲೆ ಫೋರ್ಕುಗಳನ್ನು ಎಡಕ್ಕೆ, ಹಲ್ಲು ಕೆಳಗಾಗಿ, ಚಾಕುಗಳನ್ನು ಬಲಕ್ಕೆ ಇಟ್ಟಳು. ಸಂಜೆಯ ಫ್ರೆಂಚ್ ಪಾಠಗಳಲ್ಲಿ, ಇದೇ ಮೇಜಿನಲ್ಲಿ, ತಾನು ಕಲಿತ ಹಾಗೆಯೇ.

ಗಂಡನಿಗೆ ಹೇಳದೆ ಅವಳು ಹತ್ತಬೇಕಿದ್ದ ಇಂದು ಬೆಳಗಿನ ವಿಮಾನ, ಅವಳ ಸೀಟನ್ನು ಖಾಲಿಯೇ ಹೊತ್ತುಕೊಂಡು, ಆಗಲೇ ಹೊರಟುಹೋಗಿತ್ತು.